ನಾಲ್ಕು ಚುಕ್ಕಿಗೊಂದು ಬಣ್ಣ

ಮೊನ್ನೆ ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಎದುರು ಸೀಟಿನ ಹೆಂಗಸೊಬ್ಬರು ಮೊಬೈಲಿನಲ್ಲಿ ಯಾರದೋ ಮದುವೆಯ ವಿಡಿಯೊ ನೋಡುತ್ತಿದ್ದರು. ಹತ್ತಾರು ಕೈ ದಾಟಿ ಬಂದ ವಿಡಿಯೊ ಇರಬೇಕು. ಮದುಮಗಳ ಕೆಂಪು ಸೀರೆ ತನ್ನ ಅಂಚು ಮೀರಿ, ಪಕ್ಕದಲ್ಲಿ ನಿಂತವರ ತೋಳಿನ ಮೇಲೆಲ್ಲ ಹರಡಿಕೊಂಡಿತ್ತು. ಅವರು ಅದನ್ನು ಗಮನಿಸಲಿಲ್ಲ. ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ನಾನು ಮಾತ್ರ ಮುಖ ತಿರುಗಿಸಿ, ಟೇಕಲ್ ಸ್ಟೇಷನ್ ಬರುವ ತನಕ ಕಿಟಕಿಯಾಚೆಗೇ ನೋಡುತ್ತ ಕೂತೆ. ಅಂಚು ಮೀರಿದ ಬಣ್ಣ ಕಂಡರೆ ನನಗೆ ಈಗಲೂ ಭಯವಾಗುತ್ತದೆ. ಆ ಭಯ ನನಗೆ ಅಂಟಿಕೊಂಡದ್ದು ಬಂಗಾರಪೇಟೆಯ ಒಂದು ಆಷಾಢದಲ್ಲಿ.

ಆಗ ನಾನು ರೈಲ್ವೆ ಸ್ಟೇಷನ್ ಹತ್ತಿರದ ಒಂದು ಸಣ್ಣ ಸ್ಟುಡಿಯೊದಲ್ಲಿ ಮಿಕ್ಸಿಂಗ್ ಮಾಡುತ್ತಿದ್ದೆ. ಮಿಕ್ಸಿಂಗ್ ಅಂದರೆ ಮದುವೆಯಲ್ಲಿ ತೆಗೆದ ವಿಡಿಯೊವನ್ನು ಕತ್ತರಿಸಿ, ಜೋಡಿಸಿ, ಹಾಡು ಸೇರಿಸಿ, ಅರಳುವ ಗುಲಾಬಿಯೊಳಗೆ ಗಂಡುಹೆಣ್ಣಿನ ಮುಖ ಕೂರಿಸುವ ಕೆಲಸ. ಬೆಳಿಗ್ಗೆ ಕಾಮಸಮುದ್ರದ ನಮ್ಮ ಮನೆಯ ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ಬಸ್ಸು ಹತ್ತಿ ಬಂದರೆ ಸಂಜೆಯವರೆಗೂ ಕಂಪ್ಯೂಟರಿನ ಮುಂದೆ. ಬಣ್ಣದ ವಿಷಯದಲ್ಲಿ ನಾನು ಜಗಳಗಂಟಿ. ಅರಿಶಿನ ಹಚ್ಚಿದ ಮುಖ ಅರಿಶಿನ ಹಚ್ಚಿದ ಹಾಗೇ ಕಾಣಬೇಕು, ಕಾಮಾಲೆ ಬಂದ ಹಾಗಲ್ಲ ಎಂದು ವಾದಕ್ಕೆ ನಿಲ್ಲುತ್ತಿದ್ದೆ. ಸ್ಟುಡಿಯೊ ನಡೆಸುತ್ತಿದ್ದ ಸ್ವಾಮಣ್ಣ ಕೆಜಿಎಫ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ತಮಾಷೆ ಮಾಡುತ್ತಿದ್ದರು. "ನಿನ್ನ ಕಟ್ಕೊಳೋನು ಪಾಪ, ಅಂಗಿ ಒಗ್ಯಾಕೆ ಮುಂಚೆ ನಿನ್ ತಾವ ಬಣ್ಣ ಪಾಸ್ ಮಾಡುಸ್ಕೋಬೇಕು" ಎನ್ನುತ್ತಿದ್ದರು.

ಆಷಾಢದಲ್ಲಿ ಮದುವೆಗಳಿಲ್ಲ. ಆಗ ಹೊಟ್ಟೆಪಾಡಿಗೆ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವ ಕೆಲಸ ಹಿಡಿಯುತ್ತಿದ್ದೆವು. ಮುಚ್ಚಳ ತೆಗೆದರೆ ಬೂಸ್ಟು ಹಿಡಿದ ವಾಸನೆ. ಟೇಪು ಒರೆಸಿ, ಹಳೆಯ ಪ್ಲೇಯರಿಗೆ ಹಾಕಿ ಓಡಿಸಿದರೆ ಗಣಿ ನಡೆಯುತ್ತಿದ್ದ ಕಾಲದ ಜನ ತೆರೆಯ ಮೇಲೆ ಬಂದು ನಗುತ್ತಿದ್ದರು, ಎಲೆಯ ಮುಂದೆ ಕೂತು ಉಣ್ಣುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಹೊರಗೆ ಮಳೆಯಿಲ್ಲದ ಒಣ ಗಾಳಿ ಷಟರನ್ನು ಬಡಿಯುತ್ತಿತ್ತು, ಒಳಗೆ ತೀರಿಕೊಂಡವರ ಮೆರವಣಿಗೆ ಸಾಗುತ್ತಿತ್ತು. ನನಗೆ ಅಭ್ಯಾಸವಾಗಿಹೋಗಿತ್ತು, ಗಂಗುಲಮ್ಮ ಬರುವ ತನಕ.

ಗಂಗುಲಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನವರು. ಗಂಡ ಮುನಿಯಪ್ಪ ಗಣಿ ಮುಚ್ಚುವ ತನಕ ಕೆಳಗಿಳಿದು ದುಡಿದವರು. ಈಗ ಉಬ್ಬಸದಿಂದ ಮನೆ ಬಿಟ್ಟು ಕದಲುತ್ತಿರಲಿಲ್ಲ. ಸುತ್ತಲ ಹಳ್ಳಿಗಳ ತೋಟಗಳಿಗೆ ಕೂಲಿಗೆ ಹೋಗಿ ಸಂಸಾರ ತೂಗಿಸುತ್ತಿದ್ದವರು ಈಕೆಯೇ. ಹಳೆಯ ಟವೆಲಿನಲ್ಲಿ ಸುತ್ತಿದ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, ಕೈ ತೆಗೆಯದೆ ಹಾಗೇ ನಿಂತರು.

"ಇದ್ರೊಳ್ಗೆ ಅವ್ಳೆ ಕಣಮ್ಮ ನನ್ ದೊಡ್ ಮಗ್ಳು. ಈಚೆಗೆ ತಗ್ಯಾಕಾಯ್ತದಾ?"

ಫೋಟೊ ತೆಗೆದುಕೊಡಿ ಅನ್ನುವುದನ್ನೇ ಹಾಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಕೂರಿಸಿ ಟೀ ಕೊಟ್ಟ ಮೇಲೆ ವಿಷಯ ತಿಳಿಯಿತು. ಮಗಳು ಮಂಜುಳ ಮದುವೆಯ ವಯಸ್ಸಿಗೆ ಬರುವ ಮೊದಲೇ ಕಾಮಾಲೆಯಿಂದ ತೀರಿಕೊಂಡಿದ್ದಳು. ಅವಳ ಬಟ್ಟೆಬರೆ, ಇದ್ದ ಒಂದು ಶಾಲೆಯ ಫೋಟೊ, ಎಲ್ಲವನ್ನೂ ಅವಳ ಜೊತೆಗೇ ಮಣ್ಣು ಮಾಡಿದ್ದರು. ಅವಳಿರುವುದು ಇನ್ನು ಈ ಕ್ಯಾಸೆಟ್ಟಿನಲ್ಲಿ ಮಾತ್ರ. ಅದು ಪಕ್ಕದ ಮನೆಯ ತಮಿಳರ ದೊಡ್ಡ ಹುಡುಗಿಯ ಮದುವೆ. ಗಣಿ ಮುಚ್ಚಿದ ಮೇಲೆ ಅವರು ಹೊಸೂರಿಗೆ ಹೋಗುವಾಗ, ನಿನ್ನ ಮಗಳಿದ್ದಾಳೆ ಇಟ್ಟುಕೋ ಎಂದು ಕೊಟ್ಟುಹೋಗಿದ್ದರಂತೆ. ನೋಡಲು ಪ್ಲೇಯರಿಲ್ಲದೆ ಅದನ್ನು ಅಕ್ಕಿ ಡಬ್ಬದೊಳಗೆ ಇಟ್ಟುಕೊಂಡೇ ಇಷ್ಟು ವರ್ಷ ಕಳೆದಿದ್ದರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಮನೆಯಲ್ಲಿ ಕನ್ನೆಯಾಗಿ ತೀರಿಕೊಂಡವಳಿದ್ದರೆ, ಆ ಮನೆಯ ಶುಭಕಾರ್ಯಕ್ಕೆ ಮೊದಲು ಅವಳಿಗೆ ಹೊಸ ಬಟ್ಟೆಯಿಟ್ಟು ಎಡೆ ಇಡಬೇಕು. ಅವಳು ಒಪ್ಪಿದರೆ ಕಾರ್ಯ ನಡೆಯುತ್ತದೆ. ಗಂಗುಲಮ್ಮನ ಎರಡನೆಯ ಮಗಳು ಕವಿತಳಿಗೆ ಬಂದ ಎರಡು ಸಂಬಂಧ ಮಾತುಕತೆಯ ಹಂತದಲ್ಲೇ ಮುರಿದುಬಿದ್ದಿದ್ದವು. ಈಗ ಬೇತಮಂಗಲದ ಕಡೆಯ ಮೂರನೆಯ ಸಂಬಂಧ. ಶ್ರಾವಣ ಹುಟ್ಟಿದರೆ ವೀಳ್ಯಶಾಸ್ತ್ರ.

"ಪ್ರತಿ ಸಲಾನೂ ನೀಲಿ ದಾವಣಿ ಮಡಗ್ತೀನಮ್ಮ. ಆ ಮದ್ವೆಗೆ ಅವ್ಳು ಉಟ್ಟಿದ್ದು ಅದೇ, ಅವ್ಳಿಗ್ ಬಲೇ ಇಷ್ಟ. ಎಡೆ ಇಟ್ಟ ಮಾರ್ನೆ ದಿನ ಬೆಳಗಿನ್ ಜಾವ್ದಲ್ಲಿ ಕನಸ್ನಾಗ್ ಬತ್ತಾಳೆ. ಬಾಗ್ಲಲ್ಲೇ ನಿಂತ್ಕೊಂಡು, ಇದು ನಂದಲ್ಲ ಕಣಮ್ಮ ಅಂತಾಳೆ. ನಮ್ಮೆಜಮಾನ್ರು ಅದು ನೀಲಿ ಅಲ್ಲ, ಅಸ್ರು ಅಂತಾರೆ. ನಂಗೋ ನೀಲಿ ಅಂತ್ಲೇ ಗ್ಯಾಪಕ. ಇವ್ಳದೂ ಮುರ್ದೋದ್ರೆ ನಾನ್ ತಡ್ಕಳಾಕಿಲ್ಲ. ಯಾವ್ ಬಣ್ಣ ಅಂತ ನೋಡಿ ಏಳ್ಬುಡಮ್ಮ, ಅಷ್ಟ್ ಸಾಕು."

"ಬಣ್ಣ ತಾನೇ? ಬುಡಕ್ಕ, ಬಂದಿರಾದು ಸರಿಯಾದ್ ಜಾಗಕ್ಕೇ" ಎಂದರು ಸ್ವಾಮಣ್ಣ, ನನ್ನ ಕಡೆ ನೋಡಿ.

ನಾನೂ ಸುಲಭವೆಂದೇ ಅಂದುಕೊಂಡಿದ್ದೆ. ಟೇಪು ಪೂರ್ತಿ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆ. ಕೂದಲಿಗೆ ಕನಕಾಂಬರ ಮುಡಿದ ತೆಳ್ಳನೆಯ ಹುಡುಗಿ, ಕಂಕುಳಲ್ಲಿ ಒಂದು ಕೂಸು. ಆ ಕೂಸೇ ಕವಿತ. ಕ್ಯಾಮೆರಾದವನು ಒಮ್ಮೆಯೂ ಮಂಜುಳನ ಹತ್ತಿರ ಹೋಗಿರಲಿಲ್ಲ. ಗಂಡುಹೆಣ್ಣಿನ ಹಿಂದೆ, ಜನರ ಸಂದಿಯಲ್ಲಿ, ಬೆರಳುಗುರಿನಷ್ಟು ಗಾತ್ರದಲ್ಲಿ ಅವಳು ಕಾಣುತ್ತಿದ್ದಳು. ಒಂದು ಪಕ್ಕಕ್ಕೆ ಕೆಂಪು ಶಾಮಿಯಾನದ ಬಟ್ಟೆ, ಇನ್ನೊಂದು ಪಕ್ಕಕ್ಕೆ ಆ ಮನೆಯ ಕಿರಿಯ ಹುಡುಗಿ ಸೆಲ್ವಿ. ಸೆಲ್ವಿ ಉಟ್ಟಿದ್ದು ಢಾಳಾದ ನೀಲಿ ದಾವಣಿ. ಕೂಸಿನ ಮರೆಯಲ್ಲಿ ಮಂಜುಳನ ದಾವಣಿ ಒಂದು ಎಳೆಯಷ್ಟೇ ಉಳಿದಿತ್ತು.

ದೊಡ್ಡದು ಮಾಡಿ ನೋಡಿದೆ. ಮುಖದ ಬೆಳಕು ನೆರಳು ಚೆನ್ನಾಗಿಯೇ ಇತ್ತು. ಮೂಗು, ತುಟಿ, ಹುಬ್ಬು ಎಲ್ಲ ತಿಳಿಯುತ್ತಿತ್ತು. ದಾವಣಿ ಮಾತ್ರ ಒಂದು ಚಿತ್ರದಲ್ಲಿ ನೀಲಿ, ಮುಂದಿನದರಲ್ಲಿ ಕೆಂಪು, ಅದರ ಮುಂದಿನದರಲ್ಲಿ ಬೂದಿ. ಅದು ಹಾಗೇಕೆಂದು ಗಂಗುಲಮ್ಮನಿಗೆ ಹೇಳಲು ನಾನು ತಡವರಿಸುತ್ತಿದ್ದಾಗ ಸ್ವಾಮಣ್ಣ ಕೈಜೋಡಿಸಿದರು.

"ನಮ್ ಲೈನ್ ಮನೆಗಳ್ ತರಾನೇ ಅನ್ಕೊ ಅಕ್ಕ. ಒಲೆ ಮನೆಗೊಂದಿತ್ತು, ನಲ್ಲಿ ನಾಕ್ ಮನೆಗೊಂದೇ ಅಲ್ವಾ? ವಿಡಿಯೊದಾಗೆ ಬೆಳಕು ಅನ್ನಾದು ಒಲೆ ಇದ್ದಂಗೆ. ಒಂದೊಂದ್ ಚುಕ್ಕಿಗೂ ಅದ್ರದೇ ಇರ್ತದೆ. ಬಣ್ಣ ನಲ್ಲಿ ಇದ್ದಂಗೆ. ನಾಕ್ ಚುಕ್ಕಿ ಸೇರ್ಕೊಂಡು ಒಂದ್ರಲ್ಲೇ ಇಡ್ಕೋಬೇಕು. ನಿನ್ ಮಗ್ಳು ಪಕ್ಕದ್ ಮನೆಯೋರ್ ಜೊತೇಲಿ ಕ್ಯೂ ನಿಂತವ್ಳೆ. ಬಿಂದ್ಗೇಲಿ ಯಾರ್ ನೀರು ಬಂತೋ ಯಾರಿಗ್ಗೊತ್ತು?"

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಮ್ಮ ಕಣ್ಣಿಗೆ ಬೆಳಕಿನ ಹೆಚ್ಚುಕಮ್ಮಿ ಥಟ್ಟನೆ ತಿಳಿಯುತ್ತದೆ, ಬಣ್ಣದ ಸೂಕ್ಷ್ಮ ಅಷ್ಟಾಗಿ ತಿಳಿಯುವುದಿಲ್ಲ. ಅದನ್ನು ತಿಳಿದವರೇ ವಿಡಿಯೊ ಫೈಲನ್ನು ಹೀಗೆ ಕಟ್ಟಿದ್ದಾರೆ. ಫೈಲು ಬೆಳಕನ್ನು ಪ್ರತಿ ಚುಕ್ಕಿಗೂ, ಅಂದರೆ ಪಿಕ್ಸೆಲ್ಲಿಗೂ, ಬೇರೆಬೇರೆಯಾಗಿ ಬರೆದಿಡುತ್ತದೆ. ಬಣ್ಣವನ್ನು ಅಕ್ಕಪಕ್ಕದ ಎರಡು, ಅವುಗಳ ಕೆಳಗಿನ ಎರಡು, ಹೀಗೆ ನಾಲ್ಕಕ್ಕೂ ಸೇರಿಸಿ ಒಂದು ಸಲ ಬರೆದು ಜಾಗ ಉಳಿಸುತ್ತದೆ. ಹಳೆಯ ಟೇಪು ಇನ್ನೂ ಜಿಪುಣ. ಅದರಲ್ಲೇ ಬಣ್ಣ ಅರ್ಧ ಕದಡಿಹೋಗಿರುತ್ತದೆ. ದೊಡ್ಡದಾಗಿ, ನಡುವೆ ನಿಂತವರಿಗೆ ಇದರಿಂದ ಏನೂ ನಷ್ಟವಿಲ್ಲ. ದೂರದಲ್ಲಿ, ಸಂದಿಯಲ್ಲಿ, ಎಳೆಯಷ್ಟೇ ಕಾಣುವವರಿಗೆ ಪಕ್ಕದವರ ಬಣ್ಣವೇ ಗತಿ. ದಿನವೂ ಇದೇ ಕೆಲಸ ಮಾಡುತ್ತಿದ್ದ ನನಗೆ ಇದು ಅನ್ಯಾಯ ಅಂತ ಅನಿಸಿದ್ದು ಆವತ್ತೇ ಮೊದಲು.

ಮತ್ತೆ ಮತ್ತೆ ಓಡಿಸಿ ನೋಡುವಾಗ ಇನ್ನೊಂದು ಸಂಗತಿ ಕಂಡಿತು. ಹಳೆಯ ಟೇಪಿನ ಒಂದೊಂದು ಚಿತ್ರವೂ ಎರಡು ಅರ್ಧಗಳದ್ದು. ಒಂದರ್ಧ ಮೊದಲು ಬರುತ್ತದೆ, ಕಣ್ಣು ಪಿಳುಕಿಸುವಷ್ಟರಲ್ಲಿ ಅದರ ಹಿಂದೆಯೇ ಇನ್ನರ್ಧ. ಫೈಲು ಮಾಡುವಾಗ ಆ ಎರಡರ ಬಣ್ಣ ಬೆರೆತುಹೋದರೆ, ಅಲುಗಾಡುವವರ ಬಣ್ಣ ಅವರಿಂದ ಕಳಚಿಕೊಳ್ಳುತ್ತದೆ. ಮಂಜುಳ ತಿರುಗಿದರೆ ಮುಖ ಮೊದಲು ತಿರುಗುತ್ತಿತ್ತು, ಬಣ್ಣ ಒಂದು ಹೆಜ್ಜೆ ತಡವಾಗಿ ಹಿಂದಿನಿಂದ ಬರುತ್ತಿತ್ತು. ಅವಳು ಬಿಟ್ಟುಹೋದ ಜಾಗದಲ್ಲಿ ಅವಳ ಆಕಾರದ್ದೇ ಒಂದು ಕಲೆ ಕ್ಷಣಕಾಲ ನಿಂತಿರುತ್ತಿತ್ತು. ಕಾರಣ ಚೆನ್ನಾಗಿ ಗೊತ್ತಿದ್ದೂ ನಾನು ಹೆದರಿದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿ ಎದ್ದು ಇಳಿದರೆ, ಅವಳ ಬಣ್ಣ ಇನ್ನೂ ಸೀಟಿನಲ್ಲೇ ಇದೆಯೇನೋ ಎಂದು ನೋಡುವ ಹಾಗಾಯಿತು. ಹಾಲು ಕರೆಯುವಾಗ ಹಿಂದೆ ಯಾರೋ ನಿಂತ ಹಾಗೆ. ಅಮ್ಮ, ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದರು. ಘಾಟು ಬರಲಿಲ್ಲ ಅಂತ ಇನ್ನಷ್ಟು ಹೆದರಿಸಿದರು.

ಗಂಗುಲಮ್ಮ ಕೂಲಿ ಇಲ್ಲದ ದಿನವೆಲ್ಲ ಬರುತ್ತಿದ್ದರು. ಬಣ್ಣ ಸಿಕ್ಕಿತೇ ಎಂದು ಒಮ್ಮೆ ಕೇಳಿ, ಆಮೇಲೆ ಸುಮ್ಮನೆ ತೆರೆಯ ಮುಂದೆ ಕೂರುತ್ತಿದ್ದರು. ಒಂದು ಮಧ್ಯಾಹ್ನ ತೆರೆಗೆ ಬಾಗಿ, ಮನೆಯಲ್ಲಿ ಕರೆಯುವ ದನಿಯಲ್ಲೇ, "ವಸಿ ಈ ಕಡೆ ತಿರ್ಗೇ ಮಂಜು" ಎಂದರು. ತೆರೆಯ ಮೇಲೆ ಹುಡುಗಿ ತಿರುಗಿದಳು. ವಿಡಿಯೊದಲ್ಲಿ ಆ ಜಾಗದಲ್ಲಿ ಅವಳು ತಿರುಗುತ್ತಾಳೆಂದು ನನಗೆ ಬಾಯಿಪಾಠವಾಗಿತ್ತು. ಆದರೂ ಕುರ್ಚಿಯನ್ನು ತೆರೆಯಿಂದ ಹಿಂದಕ್ಕೆ ಸರಿಸಿಕೊಂಡೆ. ಗಂಗುಲಮ್ಮನಿಗೆ ಮಾತ್ರ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಎಲೆಅಡಿಕೆ ಚೀಲ ಬಿಚ್ಚುತ್ತ, "ಯಾವಾಗ್ಲೂ ಅಂಗೇ, ಒಂದ್ಸಲಿ ಕರುದ್ರೆ ತಿರ್ಗೋಳು" ಎಂದರು.

ಆಷಾಢ ಮುಗಿಯುತ್ತ ಬಂದಿತ್ತು. ಸ್ವಾಮಣ್ಣನೂ ತಮಾಷೆ ಬಿಟ್ಟು, "ನೀಲಿ ಅಂತ್ಲೇ ಏಳ್ಬುಡು, ಪಾಪ ನೆಮ್ದಿಯಾಗಿರ್ಲಿ" ಎನ್ನತೊಡಗಿದ್ದರು. ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ನಮ್ಮ ಕೆಲಸದ ಒಂದು ರೂಢಿ ನೆನಪಾಯಿತು. ಮದುವೆಯಲ್ಲಿ ಕ್ಯಾಮೆರಾಕ್ಕೆ ಜನ ಅಡ್ಡ ಬರುತ್ತಲೇ ಇರುತ್ತಾರೆ. ಯಾರದೋ ಬೆನ್ನು, ಯಾರದೋ ಸೆರಗು ತೆರೆಯನ್ನೆಲ್ಲ ಮುಚ್ಚಿಬಿಡುತ್ತದೆ. ಅಂಥ ತುಂಡುಗಳನ್ನು ನೋಡಿದ ತಕ್ಷಣ ಕತ್ತರಿಸಿ ವೇಸ್ಟ್ ಎಂಬ ಫೋಲ್ಡರಿಗೆ ತಳ್ಳುವುದು ಎಲ್ಲ ಸ್ಟುಡಿಯೊಗಳ ಪದ್ಧತಿ. ಈ ಟೇಪನ್ನೂ ಹಾಗೇ ಚೊಕ್ಕಟ ಮಾಡಿಕೊಂಡೇ ನಾನು ಹುಡುಕಲು ಕೂತಿದ್ದೆ. ಅಡ್ಡ ಬಂದವರಲ್ಲಿ ಅವಳೂ ಇರಬಹುದಲ್ಲ?

ಇದ್ದಳು. ಮುಖವಿಲ್ಲ, ತಲೆಯಿಲ್ಲ. ತೆರೆಯ ತುಂಬ ಬರೀ ಬಟ್ಟೆ. ಮೂಲೆಯಲ್ಲಿ ಕೂಸಿನ ಒಂದು ಕಾಲು, ಅದರಲ್ಲಿ ದಪ್ಪ ಬೆಳ್ಳಿಯ ಕಡಗ. ದೂರದ ಚಿತ್ರಗಳಲ್ಲಿ ಕವಿತಳ ಕಾಲಲ್ಲಿ ಮಿನುಗುತ್ತಿದ್ದ ಕಡಗವೇ ಅದು. ಕ್ಯಾಮೆರಾ ಮೊದಲು ಮಬ್ಬಾಗಿ, ಆಮೇಲೆ ತಾನೇ ಸರಿಪಡಿಸಿಕೊಂಡು, ಒಂದು ಉಸಿರಿನಷ್ಟು ಹೊತ್ತು ಆ ಬಟ್ಟೆಯ ಮೇಲೆ ಕಣ್ಣು ನೆಟ್ಟಿತ್ತು. ಪಕ್ಕದಲ್ಲಿ ಯಾರೂ ಇಲ್ಲ. ನಾಲ್ಕು ಚುಕ್ಕಿ ಹಂಚಿಕೊಂಡರೂ ನಾಲ್ಕೂ ಅವಳವೇ. ಅಲ್ಲಿ ಬಣ್ಣ ಸುಳ್ಳು ಹೇಳುವಂತಿಲ್ಲ. ಹಿಂದಿನ ಚಿತ್ರದಲ್ಲಿದ್ದ ಯಾರದೋ ಬಿಳಿ ಪಂಚೆಯನ್ನು ಬಿಳಿಯೆಂದು ಹಿಡಿದು, ಹ್ಯಾಲೊಜೆನ್ ದೀಪದ ಹಳದಿಯನ್ನು ಕಳೆದೆ. ಉಳಿದದ್ದು ನೀಲಿಯೂ ಅಲ್ಲ, ಹಸಿರೂ ಅಲ್ಲ. ಒಗೆದೊಗೆದು ಮಾಸಿದ ಇಟ್ಟಿಗೆ ಬಣ್ಣ. ಅದರ ಮೇಲೆ ಗೇಣುದ್ದ ಹರಿದು ಬಿಳಿ ದಾರದಲ್ಲಿ ಕೈಹೊಲಿಗೆ ಹಾಕಿದ್ದು ಎದ್ದು ಕಾಣುತ್ತಿತ್ತು.

ಮಾರನೆಯ ದಿನ ಗಂಗುಲಮ್ಮನಿಗೆ ತೋರಿಸಿದೆ. ಸಿಕ್ಕಿತೆಂಬ ಖುಷಿಯಲ್ಲಿ ನಾನೇ ಮಾತಾಡುತ್ತಿದ್ದೆ. ಅವರು ತೆರೆಯ ಮೇಲಿನ ಆ ಹೊಲಿಗೆಯ ಮೇಲೆ ಬೆರಳಿಟ್ಟು, ಅದು ಹೋದ ದಾರಿಯಲ್ಲೇ ಬೆರಳನ್ನು ನಿಧಾನವಾಗಿ ಎಳೆದರು.

"ಇದು ನನ್ ಸೀರೆ."

"ಯಾವ್ದಕ್ಕಾ?" ಎಂದರು ಸ್ವಾಮಣ್ಣ.

"ಮೊಳೆಗ್ ಸಿಕ್ಕಿ ಅರ್ದೋಗಿತ್ತು. ಅರ್ಧ ಕುಯ್ದು, ಒಲ್ದು ದಾವಣಿ ಮಾಡ್ಕೊಟ್ಟಿದ್ದೆ. ಅವ್ಳು ಒಸದು ಬೇಕು ಅಂತ ಅತ್ಲು ಕಣಪ್ಪ. ಸೆಲ್ವಿ ಪಕ್ಕದಲ್ಲಿ ಇದ್ನ ಉಟ್ಕೊಂಡ್ ಎಂಗ್ ನಿಂತ್ಕಳ್ಳಿ ಅಂದ್ಲು. ಮುಂದಿನ್ ಅಬ್ಬಕ್ಕೆ ನೋಡಾನ ಅಂದೆ. ಯಾವ್ ಬಣ್ಣ ಬೇಕೇ ಅಂತ ಒಂದ್ ಮಾತು ಕೇಳ್ಲಿಲ್ಲ ನಾನು. ಕೇಳುದ್ರೆ ಕೊಡುಸ್ಬೇಕಾಯ್ತದಲ್ಲ ಅಂತ ಕೇಳ್ಲಿಲ್ಲ."

ಆಮೇಲೆ ಅವರು ಅತ್ತರು. ಅಬ್ಬರವಿಲ್ಲದೆ, ಸೆರಗು ಬಾಯಿಗೊತ್ತಿಕೊಂಡು. ಆ ಹಬ್ಬ ಬರುವ ಮೊದಲೇ ಮಂಜುಳ ಹೋಗಿದ್ದಳು. ಸೆಲ್ವಿಯ ನೀಲಿ ಯಾವಾಗ ಮಗಳ ಮೈಮೇಲೆ ಬಂದು ಕೂತಿತೋ ಗಂಗುಲಮ್ಮನಿಗೆ ಗೊತ್ತಿಲ್ಲ. ಒಂದೊಂದು ವರ್ಷ ಹೋದ ಹಾಗೆ ಆ ದಾವಣಿಯನ್ನು ತಾನೇ ಕೊಡಿಸಿದ್ದೆಂದು ನಂಬಿದ್ದರು. ಫೈಲು ಮಾಡಿದ್ದನ್ನೇ ತಾಯಿಯೂ ಮಾಡಿದ್ದರು, ಪಕ್ಕದವಳ ಬಣ್ಣ ತಂದು ಮಗಳಿಗೆ ಹಚ್ಚಿದ್ದರು. ನನಗೆ ಅವರ ಮೇಲೆ ಬೇಸರವೇನೂ ಬರಲಿಲ್ಲ. ಪ್ರತಿ ಸಲ ಸೆಲ್ವಿಯ ಬಟ್ಟೆಯನ್ನು ಎಡೆಯ ಮುಂದೆ ಕಂಡು ಆ ಹುಡುಗಿ ಇನ್ನೇನು ಹೇಳಬೇಕಿತ್ತು?

ಗಂಡನಿಗೂ ತೋರಿಸಬೇಕೆಂದು ಹಟ ಹಿಡಿದರು. ಸ್ವಾಮಣ್ಣನ ಗಾಡಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಚಾಂಪಿಯನ್ ರೀಫ್ಸ್‌ಗೆ ಹೋದೆವು. ಗಣಿಯಿಂದ ತೆಗೆದು ಸುರಿದ ದಿಬ್ಬಗಳ ಬಿಳಿ ಮಣ್ಣು ಗಾಳಿಗೆ ಎದ್ದು ಲೈನಿನ ಶೀಟುಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಕೂತು ಎಲ್ಲವನ್ನೂ ಒಂದೇ ಬಣ್ಣ ಮಾಡಿತ್ತು. ಮುನಿಯಪ್ಪ ಗೋಡೆಗೊರಗಿ ಕೂತು ನೋಡಿದರು. ಉಸಿರು ಎಳೆದುಕೊಂಡು, ಎಳೆದುಕೊಂಡು ಹೇಳಿದರು.

"ಅಸ್ರು ದಾವಣಿ ರಾಬರ್ಟ್‌ಸನ್‌ಪೇಟೆ ಅಂಗ್ಡಿ ಮುಂದೆ ನೇತಾಕಿದ್ರು. ಶಿಫ್ಟ್ ಮುಗ್ಸಿ ಬರೋವಾಗೆಲ್ಲ ನೋಡ್ತಿದ್ದೆ. ತರ್ಬೇಕು ಅನ್ಕಂಡಿದ್ದೆ ಕಣಮ್ಮ. ತಂದ್ಕೊಟ್ಟೆ ಅಂತ್ಲೇ ನಂಬ್ಕಂಡಿದ್ದೆ."

ಒಳಗಿನ ಬಾಗಿಲಲ್ಲಿ ನಿಂತಿದ್ದ ಕವಿತ ತೆರೆಯ ಮೂಲೆಯಲ್ಲಿದ್ದ ತನ್ನದೇ ಪುಟ್ಟ ಕಾಲನ್ನು ನೋಡುತ್ತಿದ್ದಳು. "ನನ್ನ ಎತ್ಕಂಡೇ ಓಡಾಡ್ತಿದ್ಲಾ?" ಎಂದು ಕೇಳಿದಳು. ಎಡೆಗೆ ಇನ್ನು ಯಾವ ಬಟ್ಟೆ ಇಡುವುದೆಂದು ಗಂಡಹೆಂಡತಿಗೆ ತೋಚಿರಲಿಲ್ಲ. ಆ ಇಟ್ಟಿಗೆ ಬಣ್ಣದ್ದನ್ನೇ ಹುಡುಕಿ ಇಡೋಣವೆಂದರೆ, ಅಳುತ್ತ ಉಟ್ಟಿದ್ದನ್ನು ಮತ್ತೆ ಯಾಕೆ ಇಡಬೇಕು? ವೀಳ್ಯಶಾಸ್ತ್ರಕ್ಕೆ ಗಂಡಿನ ಕಡೆಯವರು ಆ ವಾರವೇ ಬರುವವರಿದ್ದರು. ಗಂಗುಲಮ್ಮ "ನಾಳೆ ಪೇಟೆಗೆ ಬತ್ತೀನಿ. ನೀನೂ ಜೊತೇಲಿರು" ಎಂದು ನನಗೆ ಹೇಳಿದರು.

ಬಂಗಾರಪೇಟೆ ಬಜಾರಿನ ಬಟ್ಟೆ ಅಂಗಡಿಯಲ್ಲಿ ನಾವು ಮೂವರು ಕೂತೆವು, ಗಂಗುಲಮ್ಮ, ಕವಿತ ಮತ್ತು ನಾನು. ಅವರು ಬಣ್ಣ ಹೇಳಲಿಲ್ಲ. "ಇರಾದೆಲ್ಲ ತಗಿಯಪ್ಪ" ಎಂದರು. ಅಂಗಡಿಯವನು ಒಂದೊಂದಾಗಿ ದಾವಣಿ ಬಿಚ್ಚಿ ಹರವಿದ. ಸ್ವಲ್ಪ ಹೊತ್ತಿಗೆ ಗಂಗುಲಮ್ಮ ಎದ್ದು ನಿಂತು, ಒಂದನ್ನು ಕೈಗೆತ್ತಿಕೊಂಡು, ತನ್ನ ಎಡಪಕ್ಕದಲ್ಲಿ ಹುಡುಗಿಯೊಬ್ಬಳ ಹೆಗಲಿನ ಎತ್ತರಕ್ಕೆ ಗಾಳಿಯಲ್ಲಿ ಹಿಡಿದರು.

"ಇದಾ?"

ಅಂಗಡಿಯವನು ನಕ್ಕು, "ಮಗ್ಳು ಈ ಕಡೆ ಕೂತವ್ಳಲ್ಲಕ್ಕ" ಎಂದ.

"ಈ ಮಗ್ಳಿಗಲ್ಲ" ಎಂದರು ಗಂಗುಲಮ್ಮ, ಅವನ ಕಡೆ ತಿರುಗದೆ. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದರು. "ಇದಾ? ನಾಚ್ಕೋಬೇಡ್ವೇ. ಯಾವ್ದು ಬೇಕು ಏಳು ಮಂಜು. ಈ ಸಲಿ ನಾನೇ ಕೇಳ್ತಾ ಇವ್ನಿ."

ಅಂಗಡಿಯವನ ನಗು ನಿಂತಿತು. ಕವಿತ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಂಗುಲಮ್ಮ ಒಂದು ಬಟ್ಟೆ ಹಿಡಿಯುವರು, ಕಾಯುವರು, ಕೆಳಗಿಡುವರು, ಮತ್ತೊಂದನ್ನು ಹಿಡಿಯುವರು. ಯಾವುದೋ ಒಂದನ್ನು ಹಿಡಿದಾಗ ಅವರ ಕೈ ಹಾಗೇ ನಿಂತಿತು. ಅದರ ಬಣ್ಣ ಯಾವುದೆಂದು ಆಮೇಲೆ ಸ್ವಾಮಣ್ಣ ಕೇಳಿದರು, ನಮ್ಮಮ್ಮ ಕೇಳಿದರು. ನಾನು ಇವತ್ತಿಗೂ ಹೇಳಲಾರೆ. ಬಣ್ಣಕ್ಕಾಗಿ ಜಗಳಾಡುವ ನಾನು ಆವತ್ತು ಬಟ್ಟೆಯನ್ನು ನೋಡಲೇ ಇಲ್ಲ. ಅದರ ಹಿಂದಿನ ಖಾಲಿ ಜಾಗವನ್ನೇ ನೋಡುತ್ತಿದ್ದೆ.

ಗಂಗುಲಮ್ಮ ತಲೆಯನ್ನು ತುಸು ವಾಲಿಸಿ ಏನನ್ನೋ ಕೇಳಿಸಿಕೊಂಡರು. ಆಮೇಲೆ ಅಂಗಡಿಯವನ ಕಡೆ ತಿರುಗಿದರು.

"ಇದೇ ಅಂತೆ. ಕಟ್ಟಪ್ಪ."